ನನ್ನ ಎತ್ತರ ಇದಲ್ಲ

ನಮ್ಮ ಸೋದರತ್ತೆಗೆ ಗ್ಲೈಡರ್ ಕ್ಲಬ್ಬಿನವರು ಇಟ್ಟಿದ್ದ ಹೆಸರು ರೆಕ್ಕೆ ಟೈಲರ್. ಇಟ್ಟವರು ತಮಾಷೆಗೆ ಇಟ್ಟಿದ್ದರು. ಅವಳು ಅದನ್ನು ಬಿರುದಿನ ಹಾಗೆ ಹೊತ್ತು ತಿರುಗಿದಳು. ಯಾರಾದರೂ ಬರೀ "ಟೈಲರಮ್ಮ" ಎಂದರೆ, "ರವಿಕೆ ಹೊಲಿಯೋರು ಮುಂದಿನ ಬೀದಿಯಲ್ಲಿದ್ದಾರೆ, ಇಲ್ಲಿ ರೆಕ್ಕೆ ಮಾತ್ರ" ಎಂದು ತಿದ್ದುತ್ತಿದ್ದಳು.

ಗ್ಲೈಡರ್ ಎಂದರೆ ಇಂಜಿನ್ ಇಲ್ಲದ ವಿಮಾನ. ಒಂದು ಸಣ್ಣ ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆದು ಬಿಟ್ಟುಬಿಡುತ್ತದೆ. ಆಮೇಲೆ ಗಾಳಿಯೇ ಗತಿ. ನಮ್ಮ ಕ್ಲಬ್ಬಿನವು ಹಳೆಯ ಮರದ ಗ್ಲೈಡರುಗಳು. ತೆಳ್ಳನೆಯ ಮರದ ಪಕ್ಕೆಲುಬುಗಳ ಮೇಲೆ ಬಟ್ಟೆ ಹೊದಿಸಿ, ಉದ್ದನೆಯ ಸೂಜಿಯಿಂದ ಈ ಮೈಯಿಂದ ಆ ಮೈಗೆ ದಾರ ದಾಟಿಸಿ, ಒಂದೊಂದು ಹೊಲಿಗೆಗೂ ಗಂಟು ಹಾಕಬೇಕು. ಮೇಲೆ ಮೂಗು ಸುಡುವಂಥ ವಾರ್ನಿಷ್ ಬಳಿದರೆ ಬಟ್ಟೆ ಬಿಗಿದು ತಮಟೆಯ ಹಾಗೆ ಸದ್ದು ಮಾಡುತ್ತದೆ. ಅತ್ತೆ ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಹಿಡಿಸದಿದ್ದರೆ ಪೂರ್ತಿ ಕಿತ್ತು ಮತ್ತೆ ಹೊಲಿಯುತ್ತಿದ್ದಳು.

ಅವಳ ಶೆಡ್ಡಿನ ಗೋಡೆಯ ತುಂಬ ವಿಮಾನಗಳ ಚಿತ್ರ. ಹಳೆಯ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ್ದು. ಒಂದೊಂದರ ಕಥೆಯನ್ನೂ ನೆರೆಮನೆಯವರ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದಳು. "ಇದು ನೋಡು, ಎಲ್ಲಕ್ಕಿಂತ ಮೊದಲು ಇಂಜಿನ್ ಹಾಕ್ಕೊಂಡು ಹಾರಿದ್ದು. ರೈಟ್ ಸೋದರರದ್ದು. ಒಂದೇ ದಿನ ನಾಲ್ಕು ಸಲ ಹಾರ್ತು. ಹೆಚ್ಚೆಂದ್ರೆ ಒಂದು ನಿಮಿಷ, ಅದೂ ಪೂರ್ತಿ ಇಲ್ಲ. ಆಮೇಲೆ ಗಾಳಿ ಉರುಳಿಸಿ ಮುರಿದುಹಾಕ್ತು. ಅದರ ರೆಕ್ಕೆಗೂ ನಮ್ಮ ಹಾಗೇ ಹತ್ತಿ ಬಟ್ಟೆ." ಪಕ್ಕದಲ್ಲಿ ಸ್ಪಿರಿಟ್ ಆಫ್ ಸೇಂಟ್ ಲೂಯಿಸ್. ಒಬ್ಬನೇ ಮನುಷ್ಯನನ್ನು ಹೊತ್ತು ಅಟ್ಲಾಂಟಿಕ್ ದಾಟಿದ ವಿಮಾನ. "ಮುಂದುಗಡೆ ಕಿಟಕಿಯೇ ಇಲ್ಲ ಕಣೇ! ಅಲ್ಲಿ ಪೆಟ್ರೋಲ್ ಟ್ಯಾಂಕ್ ಇಟ್ಟುಬಿಟ್ಟಿದ್ರು. ಎದುರಿಗೆ ಏನಿದೆ ಅಂತ ನೆಟ್ಟಗೆ ಕಾಣದೇ ಸಮುದ್ರ ದಾಟಿದ." ಪೆಡಲ್ ತುಳಿದುಕೊಂಡೇ ಇಂಗ್ಲೆಂಡ್-ಫ್ರಾನ್ಸ್ ನಡುವಿನ ಕಡಲ್ಗಾಲುವೆ ದಾಟಿದ ಗೊಸಾಮರ್ ಆಲ್ಬಟ್ರಾಸ್ ಬಗ್ಗೆ ಮಾತ್ರ ಅವಳಿಗೆ ಸ್ವಲ್ಪ ಮುನಿಸು. ಅದಕ್ಕೆ ಹೊದಿಸಿದ್ದು ತೆಳು ಪ್ಲಾಸ್ಟಿಕ್. "ಕಾಲಿನ ಕೆಲಸ ಚೆನ್ನಾಗಿದೆ. ಹೊಲಿಗೆ ಸೊನ್ನೆ" ಎನ್ನುತ್ತಿದ್ದಳು.

ಅವಳಿಗೆ ಎಲ್ಲಕ್ಕಿಂತ ಇಷ್ಟ ವಾಯೇಜರ್. ಎಲ್ಲೂ ಇಳಿಯದೆ, ದಾರಿಯಲ್ಲಿ ಇಂಧನ ತುಂಬಿಸಿಕೊಳ್ಳದೆ ಭೂಮಿಯನ್ನು ಸುತ್ತಿ ಬಂದ ಮೊದಲ ವಿಮಾನ ಅದು. ಹೊರಡುವಾಗಲೇ ಇಂಧನದ ಭಾರಕ್ಕೆ ರೆಕ್ಕೆಗಳ ತುದಿ ರನ್‌ವೇಗೆ ಉಜ್ಜಿ ಕಿತ್ತುಬಂದಿದ್ದವು. "ರೆಕ್ಕೆ ತುದಿ ಹರಿದಿದೆ, ವಾಪಸ್ ಬಾ ಅಂತ ಯಾರಾದ್ರೂ ಅಂದಿರ್ತಾರೆ. ಬಂದ್ರಾ? ಪ್ರಪಂಚ ಸುತ್ತೇ ಬಂದ್ರು!" ಎಂದು ಹೇಳುವಾಗ ಅವಳ ಮುಖ ನೋಡಿದರೆ, ಅದರೊಳಗೆ ಇವಳೂ ಕೂತಿದ್ದಳೇನೋ ಎನಿಸುತ್ತಿತ್ತು.

ಹಾರಾಟ ಅವಳಿಗೆ ಬಂದದ್ದು ತಡವಾಗಿ. ತಲೆಯಲ್ಲಿ ಬಿಳಿಗೂದಲು ಕಾಣಿಸಿಕೊಂಡ ಮೇಲೆ. ಕ್ಲಬ್ಬಿನಲ್ಲಿ ಹಾರಲು ಕಲಿಸುತ್ತಿದ್ದ ಮೇಷ್ಟ್ರು ಹೊಸದಾಗಿ ಹೊಲಿದ ರೆಕ್ಕೆಯನ್ನು ಪರೀಕ್ಷೆ ಮಾಡಲು ಹೊರಟಾಗ, "ನಿನ್ನ ಹೊಲಿಗೆ ಮೇಲೆ ನಿನಗೆ ನಂಬಿಕೆ ಇದ್ರೆ ನೀನೂ ಕೂತ್ಕೋ" ಎಂದು ಹಿಂದಿನ ಸೀಟು ತೋರಿಸಿದರು. ಕೂತಳು. ಇಳಿದು ಬಂದು ಮನೆಯಲ್ಲಿ ಘೋಷಿಸಿಬಿಟ್ಟಳು: "ನಾನು ಕಲೀತೀನಿ."

ಮಾವ ಕ್ಷೌರದಂಗಡಿ ಇಟ್ಟುಕೊಂಡಿದ್ದ. ಊರಿನ ಮಾತೆಲ್ಲ ಮೊದಲು ಅವನ ಕುರ್ಚಿಗೇ ಬಂದು ಬೀಳುತ್ತಿತ್ತು. ಈ ವಯಸ್ಸಿನಲ್ಲಿ ನಿಮ್ಮಾಕೆಗೆ ಇದೆಲ್ಲ ಯಾಕೆ ಎಂದು ಕೇಳಿದವರ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು, ಕತ್ತಿಯನ್ನು ಗಂಟಲ ಹತ್ತಿರ ತಂದು, "ಏನಂದ್ರಿ? ಸರಿಯಾಗಿ ಕೇಳಿಸಲಿಲ್ಲ" ಎನ್ನುತ್ತಿದ್ದ. ಎರಡನೇ ಸಲ ಯಾರೂ ಹೇಳುತ್ತಿರಲಿಲ್ಲ. ಅತ್ತೆಗೆ ಮಾತ್ರ ಅವನು ಹೇಳಿದ್ದಿಷ್ಟು: "ನೀನು ಹೋಗು ಮಾರಾಯ್ತಿ. ಮನೆಯಲ್ಲಿ ಒಬ್ಬರಾದ್ರೂ ನೆಲದ ಮೇಲಿದ್ರೆ ಸಾಕು."

ಒಂದು ಚಳಿಗಾಲದಲ್ಲಿ ಬೆಟ್ಟಸಾಲಿನ ಆಚೆಯಿಂದ ಗಾಳಿ ಜೋರಾಗಿ ಬೀಸತೊಡಗಿತು. ಅಂಥ ಗಾಳಿ ಬೆಟ್ಟ ಹತ್ತಿಳಿದು, ನದಿಯ ನೀರು ಬಂಡೆ ದಾಟಿದ ಮೇಲೆ ಅಲೆ ಏಳುವ ಹಾಗೆ, ಆಕಾಶದಲ್ಲಿ ಅಲೆ ಎಬ್ಬಿಸುತ್ತದೆ. ಅಲೆ ಸಿಕ್ಕಿದ ಗ್ಲೈಡರ್ ಲಿಫ್ಟಿನಲ್ಲಿ ನಿಂತ ಹಾಗೆ ಸುಮ್ಮನೆ ಮೇಲೇರುತ್ತದೆ. ಹಗ್ಗ ಬಿಟ್ಟ ಜಾಗದಿಂದ ಮಹಿಳೆಯೊಬ್ಬಳು ಎಷ್ಟು ಮೇಲೇರಿದ್ದಾಳೆ ಎಂಬುದಕ್ಕೆ ದೇಶದ ದಾಖಲೆ ಇತ್ತು: ಮೂರು ಸಾವಿರ ಮೀಟರ್. ಅತ್ತೆ ಅವತ್ತು ಆಮ್ಲಜನಕದ ಸಿಲಿಂಡರ್ ಇಟ್ಟುಕೊಂಡು, ಮಾವನ ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡು ಹೋದಳು. ಏರಿದ್ದು ನಾಲ್ಕೂವರೆ ಸಾವಿರ.

ಇಳಿಯುವಾಗ ಮೋಡ ಮುಚ್ಚಿಕೊಂಡಿತು. ಕ್ಲಬ್ಬಿನ ಮೈದಾನ ಕಾಣದೆ ಉತ್ತ ಹೊಲವೊಂದರಲ್ಲಿ ಇಳಿದಳು. ಟ್ರೈಲರ್ ಕಟ್ಟಿದ ಜೀಪಿನಲ್ಲಿ ಹುಡುಕಿಕೊಂಡು ಹೋದವಳು ನಾನೇ. ಹೆಂಟೆಗಳ ನಡುವೆ ಮೂಗು ಊರಿ ಗ್ಲೈಡರ್ ನಿಂತಿತ್ತು. ಅತ್ತೆ ರೆಕ್ಕೆಗೆ ಒರಗಿ ನಡುಗುತ್ತ ನಗುತ್ತಿದ್ದಳು. "ಬಾಯಿ ಒಣಗಿದೆ ಕಣೇ, ನೀರು ಕೊಡು. ಆಮೇಲೆ ಹೇಳ್ತೀನಿ, ಮೇಲೆ ಆಕಾಶದ ಬಣ್ಣ ಹೇಗಿತ್ತು ಅಂತ."

ಎತ್ತರ ಎಷ್ಟೆಂದು ಸಾಬೀತು ಮಾಡಲು ಒಂದು ಪೆಟ್ಟಿಗೆ ಇರುತ್ತದೆ. ಒಳಗೆ ಮಸಿ ಹಿಡಿಸಿದ ಕಾಗದ ಸುತ್ತಿದ ಉರುಳೆ. ಗ್ಲೈಡರ್ ಏರಿದಂತೆ ಸೂಜಿಯೊಂದು ಅದರ ಮೇಲೆ ಗೀರು ಎಳೆಯುತ್ತ ಹೋಗುತ್ತದೆ. ಹಾರುವ ಮುಂಚೆ ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತುತ್ತಾರೆ. ಹೊಲದಲ್ಲಿ ಇಳಿದ ಕುಲುಕಿಗೆ ಆ ಅರಗು ಬಿರುಕು ಬಿಟ್ಟಿತ್ತು.

ಕ್ಲಬ್ಬಿನ ಕಾರ್ಯದರ್ಶಿ ದೊಡ್ಡ ಹುದ್ದೆಯಿಂದ ನಿವೃತ್ತರಾದ ಮನುಷ್ಯ, ಇಸ್ತ್ರಿ ಮುರಿಯದ ಅಂಗಿಯವರು. ಪೆಟ್ಟಿಗೆಯನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. "ಮುದ್ರೆ ಒಡೆದಿದೆ. ಲೆಕ್ಕಕ್ಕೆ ಬರಲ್ಲ."

"ನಿಯಮ ಹಾಗಿದ್ರೆ ಸರಿ ಸಾರ್" ಎಂದಳು ಅತ್ತೆ. ಮುಖ ಬಾಡಿತ್ತು, ಆದರೂ ಒಪ್ಪಿಕೊಂಡಿದ್ದಳು. ಅಲ್ಲಿಗೆ ಮುಗಿಯಬೇಕಿತ್ತು. ಅವರು ಅಲ್ಲಿಗೆ ಬಿಡಲಿಲ್ಲ. ಸುತ್ತ ಇದ್ದವರ ಕಡೆ ನೋಡಿ ಮುಗುಳ್ನಕ್ಕು, "ಅಲ್ಲದೇ, ದಿನಾ ಸೂಜಿ ಹಿಡಿಯೋರಿಗೆ ಮಸಿ ಕಾಗದದ ಮೇಲೆ ಒಂದು ಗೀರು ಎಳೆಯೋದು ಏನು ಮಹಾ ಕಷ್ಟ?" ಎಂದುಬಿಟ್ಟರು.

ಯಾರೋ ಕಿಸಕ್ಕೆಂದು ನಕ್ಕರು. ಮೇಷ್ಟ್ರು ಎದ್ದು ನಿಂತರು. ಅತ್ತೆ ಅವರ ತೋಳು ಹಿಡಿದು ಕೂರಿಸಿದಳು.

"ಲೆಕ್ಕಕ್ಕಿಲ್ಲ ಅಂದ್ರೆ ಒಪ್ಕೋತೀನಿ ಸಾರ್. ಕಳ್ಳಿ ಅಂದ್ರೆ ಒಪ್ಪಲ್ಲ. ಆ ಮಾತು ವಾಪಸ್ ತಗೊಳ್ಳಿ."

"ನಾನು ಹಾಗಂದೆನಾ?"

"ಅಂದ್ರಿ. ಇಷ್ಟೂ ಜನಕ್ಕೆ ಅರ್ಥ ಆಗಿದೆ. ನಗು ಬಂತಲ್ಲ, ಕೇಳಿಸ್ತು."

ಅವರು ವಾಪಸ್ ತೆಗೆದುಕೊಳ್ಳಲಿಲ್ಲ. ಬದಲಿಗೆ, ಗ್ಲೈಡರನ್ನು ಹೊಲದಲ್ಲಿ ಇಳಿಸಿ ಅಪಾಯ ತಂದಳೆಂದು ಅವಳ ಹಾರಾಟವನ್ನೇ ನಿಲ್ಲಿಸಿದರು. ಶೆಡ್ಡಿನ ಕೆಲಸ ಎಂದಿನಂತೆ ನಡೆಯಲಿ ಎಂದರು.

ಮಾರನೆಯ ದಿನ ಅತ್ತೆ ಶೆಡ್ಡಿಗೆ ಹೋದಳು, ನೆಲ ಗುಡಿಸಿದಳು, ಸ್ಟೂಲಿನ ಮೇಲೆ ಕೈ ಕಟ್ಟಿ ಕೂತಳು. ಎದುರಿಗೆ ಎರಡು ಗ್ಲೈಡರುಗಳು ಬಟ್ಟೆ ಬಿಚ್ಚಿಸಿಕೊಂಡು ಪಕ್ಕೆಲುಬು ತೋರಿಸುತ್ತ ನಿಂತಿದ್ದವು. ಕಾರ್ಯದರ್ಶಿ ಬಾಗಿಲಿಗೆ ಬಂದು, "ಕೆಲಸ ಯಾಕೆ ನಿಂತಿದೆ?" ಎಂದರು.

"ಹೊಲಿಯೋಳೂ ನಾನೇ, ಹಾರೋಳೂ ನಾನೇ ಸಾರ್. ಅರ್ಧ ಮನುಷ್ಯಳನ್ನ ಮಾತ್ರ ಕೆಲಸಕ್ಕೆ ಇಟ್ಕೊಳ್ಳೋಕಾಗಲ್ಲ."

"ಬೇರೆಯವರನ್ನ ಕರೆಸ್ತೀನಿ."

"ಕರೆಸಿ. ಜಾಗ ಮಾಡಿಕೊಡ್ತೀನಿ. ಈ ಸ್ಟೂಲಿನ ಒಂದು ಕಾಲು ಕುಂಟು, ಅವರಿಗೆ ಮೊದಲೇ ಹೇಳಿಬಿಡಿ."

ಕರೆಸಿದರು ಕೂಡ. ಸೋಫಾಕ್ಕೆ ಬಟ್ಟೆ ಹಾಕುವ ಒಬ್ಬಾತ ಬಂದ. ರೆಕ್ಕೆ ಮುಟ್ಟಿ ನೋಡಿ, ಇದರೊಳಗೆ ಮನುಷ್ಯರು ಕೂತು ಹಾರುತ್ತಾರಾ ಎಂದು ಕೇಳಿ, ಹೌದೆಂದ ಮೇಲೆ ಟೇಪು ಸುತ್ತಿಕೊಂಡು ಹೊರಟುಹೋದ. ಮನೆಗೆ ನಮ್ಮಪ್ಪ ಬಂದು ತಂಗಿಗೆ ಬುದ್ಧಿ ಹೇಳಿದ. ಒಂದು ಕ್ಷಮಾಪಣೆ ಕೇಳಿಬಿಟ್ಟರೆ ನಿನ್ನ ಗಂಟೇನು ಹೋಗುತ್ತೆ ಎಂದ. "ಅವರು ಕೇಳಬೇಕಾದ್ದನ್ನ ನಾನು ಕೇಳೋದಾ?" ಎಂದು ಅವಳು ಅಣ್ಣನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ ಅವನ ಬಾಯಿ ಮುಚ್ಚಿಸಿದಳು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ವಸಂತ ಬಂತು, ಹಾರುವ ಕಾಲ. ಗ್ಲೈಡರ್ ಸಾಲದೆ ಸದಸ್ಯರು ಸರದಿ ಕಾದು ಕಾದು ಗೊಣಗತೊಡಗಿದರು. ಕಿಸಕ್ಕೆಂದು ನಕ್ಕಿದ್ದವನೇ ಸಭೆಯಲ್ಲಿ ಎದ್ದು ಅವಳ ಪರ ಮಾತಾಡಿದ. ನಿಷೇಧ ಹೋಯಿತು. ಅತ್ತೆ ಸೂಜಿ ಕೈಗೆತ್ತಿಕೊಳ್ಳುವ ಮುಂಚೆ ಇನ್ನೊಂದು ಮಾತು ಸೇರಿಸಿದಳು: "ಮುಂದಿನ ಸಲ ಪೆಟ್ಟಿಗೆಗೆ ಮುದ್ರೆ ಒತ್ತೋರು ಕಾರ್ಯದರ್ಶಿಗಳೇ. ಅವರ ಕೈಯಿಂದಲೇ ಆಗ್ಬೇಕು."

ಮುಂದಿನ ಚಳಿಗಾಲ ಗಾಳಿ ಮತ್ತೆ ಬಂತು. ಕಾರ್ಯದರ್ಶಿ ತುಟಿ ಬಿಗಿದುಕೊಂಡು ಅರಗು ಕರಗಿಸಿ, ಒಂದರ ಬದಲು ಎರಡು ಮುದ್ರೆ ಒತ್ತಿದರು. ಅತ್ತೆ ಬಗ್ಗಿ ನೋಡಿ, "ಇನ್ನೊಂದು ಬೇಕಾದ್ರೆ ನನ್ನ ಹಣೆ ಮೇಲೆ ಒತ್ತಿಬಿಡಿ ಸಾರ್" ಎಂದು ಗ್ಲೈಡರ್ ಹತ್ತಿದಳು.

ಅಲೆ ಸಿಕ್ಕಿತು, ಮೊದಲ ಸಲಕ್ಕಿಂತ ಚೆನ್ನಾಗಿಯೇ. ಆದರೆ ಮೇಲೆ ಹೋದ ಮೇಲೆ ಆಮ್ಲಜನಕದ ಕೊಳವೆಯಲ್ಲಿ ಮಂಜುಗಟ್ಟಿತು. ಉಸಿರು ಸಾಲದೆ ಉಗುರು ನೀಲಿಯಾಗುತ್ತ ಬಂತು. ಯಾಕೋ ಸುಮ್ಮಸುಮ್ಮನೆ ಸಂತೋಷ ಉಕ್ಕಿತಂತೆ. ಅದೇ ಅಪಾಯದ ಗುರುತೆಂದು ಮೇಷ್ಟ್ರು ಕಲಿಸಿದ್ದರು. ಗಾಳಿ ಇನ್ನೂ ಮೇಲೆತ್ತುತ್ತಿದ್ದಾಗಲೇ ಅವಳು ಮೂಗು ತಗ್ಗಿಸಿ ಅಲೆಯಿಂದ ಹೊರಬಿದ್ದಳು. ಕ್ಲಬ್ಬಿನ ಹುಲ್ಲಿನ ಮೇಲೆ ಮೆತ್ತಗೆ ಇಳಿದಳು. ಮುದ್ರೆ ಎರಡೂ ಗಟ್ಟಿಯಾಗಿದ್ದವು. ಗೀರು ತೋರಿಸಿದ್ದು ಮೂರೂವರೆ ಸಾವಿರ ಮೀಟರ್. ದೇಶದ ದಾಖಲೆ ಮುರಿದಿತ್ತು.

ಎಲ್ಲರೂ ಕುಣಿದರು. ಅವಳೊಬ್ಬಳು ಮೂಲೆಯಲ್ಲಿ ಬೆರಳು ಉಜ್ಜಿಕೊಳ್ಳುತ್ತ ಕೂತಿದ್ದಳು. ಇನ್ನೂ ಸ್ವಲ್ಪ ಹೊತ್ತು ತಡೆದಿದ್ದರೆ ಹಳೆಯ ನಾಲ್ಕೂವರೆ ಸಾವಿರವನ್ನೇ ಮುಟ್ಟಬಹುದಿತ್ತಲ್ಲ ಎಂದು ನಾನು ಬಾಯಿ ತಪ್ಪಿ ಅಂದೆ. ಗದರಿದಳು: "ಸತ್ತು ಗೆದ್ದೋಳು ಅನ್ನಿಸ್ಕೊಳ್ಳೋಕೆ ನನಗೇನು ಹುಚ್ಚಾ? ನಿಮ್ಮ ಮಾವನ ಸ್ವೆಟರ್ ವಾಪಸ್ ಕೊಡ್ಬೇಕು."

ಬಹುಮಾನದ ದಿನ ಸಭಾಂಗಣ ತುಂಬಿತ್ತು. ಮಾವ ಅಂಗಡಿ ಮುಚ್ಚಿ, ತನ್ನ ಕೆನ್ನೆಯನ್ನೂ ಕನ್ನಡಿಯ ಹಾಗೆ ಮಾಡಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಕಾರ್ಯದರ್ಶಿ ಭಾಷಣದಲ್ಲಿ ಅವಳ ಛಲವನ್ನು ಹೊಗಳಿ, ಬೆಳ್ಳಿಯ ಬಟ್ಟಲು ಕೊಟ್ಟು, ಒಂದೆರಡು ಮಾತಾಡಿ ಎಂದರು. ಅತ್ತೆ ಬಟ್ಟಲನ್ನು ಕಂಕುಳಲ್ಲಿ ಇರುಕಿಕೊಂಡು ಮೈಕಿನ ಮುಂದೆ ನಿಂತಳು.

"ಬಟ್ಟಲು ಚೆನ್ನಾಗಿದೆ, ಇಟ್ಕೋತೀನಿ. ಆದ್ರೆ ದಾಖಲೆ ಪುಸ್ತಕದಲ್ಲಿ ಬರೆದ ಎತ್ತರ ಇದೆಯಲ್ಲ, ನನ್ನ ಎತ್ತರ ಇದಲ್ಲ. ನಾನು ಹೋಗಿದ್ದು ನಾಲ್ಕೂವರೆ ಸಾವಿರ. ಮುದ್ರೆ ಒಡೆದಿತ್ತು, ನಾನು ಒಡೆದಿರಲಿಲ್ಲ. ನೀವು ಬರೀಬೇಡಿ, ಪರವಾಗಿಲ್ಲ. ನಾನು ಹೇಳೋದನ್ನ ನಿಲ್ಲಿಸಲ್ಲ."

ಮೊದಲು ಚಪ್ಪಾಳೆ ತಟ್ಟಿದವರು ಮೇಷ್ಟ್ರು. ಮಾವ ಕುರ್ಚಿ ಹತ್ತಿಯೇ ಬಿಟ್ಟ. ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡರು. ಸೂಜಿಯ ಆ ಮಾತನ್ನು ಅವರು ಕೊನೆಯವರೆಗೂ ವಾಪಸ್ ತೆಗೆದುಕೊಳ್ಳಲಿಲ್ಲ. ಇವಳು ಎದುರು ಸಿಕ್ಕಾಗಲೆಲ್ಲ, "ನಮಸ್ಕಾರ ಸಾರ್, ನಾಲ್ಕೂವರೆ ಸಾವಿರ" ಎನ್ನುವುದನ್ನೂ ಬಿಡಲಿಲ್ಲ.

ವರ್ಷಗಳು ಕಳೆದವು. ಫೈಬರ್‌ಗ್ಲಾಸಿನ ನುಣುಪಾದ ಗ್ಲೈಡರುಗಳು ಬಂದು ಹೊಲಿಗೆಯ ಕೆಲಸ ಕಡಿಮೆಯಾಯಿತು. ಮಂಡಿನೋವು ಬಂದು ಅತ್ತೆ ಹಾರುವುದು ನಿಂತಿತು. ಆಗ ಕ್ಲಬ್ಬಿಗೆ ಸೇರಿದ್ದ ಒಬ್ಬ ಯುವತಿ, ಆಸ್ಪತ್ರೆಯಲ್ಲಿ ನರ್ಸ್, ಮೂರೂವರೆ ಸಾವಿರ ದಾಟಿದಳು. ಪತ್ರಿಕೆಯವರು ಅತ್ತೆಯ ಮನೆಗೇ ಬಂದು, ನಿಮ್ಮ ದಾಖಲೆ ಮುರಿಯಿತಲ್ಲ, ಹೇಗನ್ನಿಸುತ್ತಿದೆ ಎಂದು ಕೇಳಿದರು.

"ಎಲ್ಲಿ ಮುರೀತು? ಇನ್ನೂ ಬಾಕಿ ಇದೆ" ಎಂದಳು. ಜೊತೆಗೆ ಬಂದಿದ್ದ ನರ್ಸ್ ಕಡೆ ತಿರುಗಿ, "ಪುಸ್ತಕದ್ದನ್ನ ಮುರಿದಿದೀಯ ಮಗಳೇ, ನನ್ನದನ್ನ ಅಲ್ಲ. ಇನ್ನೊಂದು ಸಲ ಹೋಗು. ಕೊಳವೆಗೆ ಉಣ್ಣೆ ಸುತ್ಕೋ, ಮಂಜು ಹಿಡಿಯುತ್ತೆ."

ಬೇರೆ ಯಾರಾದರೂ ಆಗಿದ್ದರೆ ಮುಖ ಸಿಂಡರಿಸುತ್ತಿದ್ದರು. ಆಕೆ ನಕ್ಕಳು. "ಹೋಗ್ತೀನಿ ಅಜ್ಜಿ. ನಿಮ್ಮದನ್ನೇ ಮುರೀತೀನಿ."

ಎರಡು ಚಳಿಗಾಲ ಪ್ರಯತ್ನಪಟ್ಟಳು. ಮೂರನೆಯದರಲ್ಲಿ ಐದು ಸಾವಿರ ಮುಟ್ಟಿ ಇಳಿದಳು. ಮೈಕು ಹಿಡಿದವರ ಮುಂದೆ ನಿಂತು, "ನಾನು ರೆಕ್ಕೆ ಟೈಲರ್ ಅವರ ನಾಲ್ಕೂವರೆ ಸಾವಿರದ ದಾಖಲೆ ಮುರಿದಿದೀನಿ" ಎಂದಳು. ಮರುದಿನ ಪತ್ರಿಕೆಗಳಲ್ಲಿ ಹಾಗೆಯೇ ಬಂತು. ಯಾವ ಪುಸ್ತಕದಲ್ಲೂ ಇಲ್ಲದ ಎತ್ತರ ಊರ ತುಂಬ ಓದಿಸಿಕೊಂಡಿತು.

ಮಾವ ಅಂಗಡಿಯಲ್ಲಿ ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು, ಪತ್ರಿಕೆ ಹಿಡಿದು ಮನೆಗೆ ಓಡಿದ. ಅತ್ತೆ ಓದಿದಳು, ಇನ್ನೊಮ್ಮೆ ಓದಿದಳು.

"ಕಡೆಗೂ ಮುರೀತಲ್ಲ" ಎಂದ ಮಾವ, ಸ್ವಲ್ಪ ಅಳುಕುತ್ತಲೇ.

"ಮುರೀಲಿ. ಇಲ್ಲದೇ ಇದ್ದದ್ದನ್ನ ಯಾರಾದ್ರೂ ಮುರಿಯೋಕಾಗುತ್ತಾ?" ಎಂದಳು ಅತ್ತೆ. ಆಮೇಲೆ ಚಪ್ಪಲಿ ಹುಡುಕತೊಡಗಿದಳು. ಆ ಹುಡುಗಿಯನ್ನು ಈಗಲೇ ನೋಡಬೇಕಂತೆ, ಆರು ಸಾವಿರಕ್ಕೆ ಯಾವಾಗ ಹೋಗುತ್ತೀಯ ಎಂದು ಕೇಳಬೇಕಂತೆ.