ಸೀಟು ಬಿಡದ ಗೇರಕ್ಕ

ನನ್ನ ಓರಗಿತ್ತಿಗೆ ಬಾಯಿ ಜೋರು ಅಂತ ಬೀದಿಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಅದೇ ಬೀದಿಯವರು ಮನೆ ಮುಂದೆ ಮಣ್ಣು ಕುಸಿದರೆ, ಹಿತ್ತಿಲಲ್ಲಿ ಮುಳ್ಳು ಬೆಳೆದರೆ ಮೊದಲು ಬಂದು ತಟ್ಟುವುದು ಅವಳ ಬಾಗಿಲನ್ನೇ. ಆಗ ಯಾರಿಗೂ ಅವಳ ಬಾಯಿ ನೆನಪಿಗೆ ಬರುವುದಿಲ್ಲ ನೋಡಿ! ಟ್ರ್ಯಾಕ್ಟರ್ ಕಲಿಯುವಾಗ ಅವಳು ಒಂದೊಂದು ಗೇರ್ ಹಾಕುವಾಗಲೂ "ಈಗ ಒಂದು... ಈಗ ಎರಡು..." ಎಂದು ಬೀದಿಗೆಲ್ಲ ಕೇಳುವಂತೆ ಕೂಗಿಕೊಳ್ಳುತ್ತಿದ್ದಳು. ಹಾಗಾಗಿ ಗೇರಕ್ಕ ಅನ್ನುವ ಹೆಸರು ಅಂಟಿಕೊಂಡಿತು. ನಾನು ಬರೀ ಅಕ್ಕ ಅನ್ನುತ್ತೇನೆ. ಅವಳು ಮನೆಯ ಹಿರಿ ಸೊಸೆ, ನಾನು ಕಿರಿಯವಳು.

ಟ್ರ್ಯಾಕ್ಟರ್ ನಮ್ಮ ಗಂಡಂದಿರಾದ ಅಣ್ಣತಮ್ಮಂದಿರಿಬ್ಬರಿಗೂ ಸೇರಿದ್ದು. ಅದರ ಮುಂದುಗಡೆ ಲೋಡರ್, ಅಂದರೆ ಎರಡು ಕಬ್ಬಿಣದ ತೋಳು, ತೋಳಿನ ತುದಿಗೆ ಮಣ್ಣು ಎತ್ತುವ ಬಕೆಟ್ಟು. ಬೇಕಾದಾಗ ಹಿಂದುಗಡೆ ಕಳೆ ಕತ್ತರಿಸುವ ಯಂತ್ರ ಕಟ್ಟಿಕೊಳ್ಳಬಹುದು. ಮೊದಲೆಲ್ಲ ಅಕ್ಕನ ಗಂಡ, ನಮ್ಮ ಭಾವನವರೇ ಓಡಿಸುತ್ತಿದ್ದರು. ಗೋದಾಮಿನ ಮಾಡಿನಿಂದ ಬಿದ್ದು ಅವರ ಬೆನ್ನು ಮುರಿದ ಮೇಲೆ ಗಾಡಿ ಷೆಡ್ಡು ಸೇರಿತು. ನನ್ನ ಗಂಡನಿಗೆ ಲಾರಿ ತೂಗುವ ಕಡೆ ನೌಕರಿ. "ಒಬ್ಬ ಡ್ರೈವರನ್ನ ಇಟ್ಕೊಳ್ಳೋಣ" ಎಂದರು. ಅಕ್ಕ, "ಯಾಕೆ? ನನಗೇನು ಕೈಕಾಲಿಲ್ವಾ?" ಎಂದಳು. ನನ್ನ ಗಂಡ ಬಿದ್ದು ಬಿದ್ದು ನಕ್ಕರು. ಭಾವನವರು ನಗಲಿಲ್ಲ. ಮಂಚದ ಮೇಲೆ ಮಲಗಿಕೊಂಡೇ, ಕಿಟಕಿಯಾಚೆ ನೋಡುತ್ತಾ, "ಕ್ಲಚ್ ಒತ್ತು... ಈಗ ಬಿಡು... ಮೆಲ್ಲಗೆ, ಮೆಲ್ಲಗೆ" ಎಂದು ಹೆಂಡತಿಗೆ ಹೇಳಿಕೊಟ್ಟರು.

ನಾನು ಮದುವೆಯಾಗಿ ಬಂದಾಗಿನಿಂದ ಅಕ್ಕನನ್ನು ನೋಡಿದ್ದು ಒಲೆ ಮುಂದೆ, ಇಲ್ಲವೇ ಒಗೆಯುವ ಬಟ್ಟೆಯ ಮುಂದೆ, ಅದೂ ರೇಗಿಕೊಂಡೇ. ಸೀಟಿನ ಮೇಲೆ ಕೂತ ಮೇಲೆ ಅವಳು ಬೇರೆಯೇ ಹೆಂಗಸಾದಳು. ರೇಗುವುದೇನೂ ಬಿಡಲಿಲ್ಲ. ಆದರೆ ಊಟಕ್ಕೆ ಕೂತಾಗ ದಿನದ ಸುದ್ದಿಯೆಲ್ಲ ಹೇಳಿ, ಬಾಡಿಗೆಗೆ ಕರೆದವರ ಹಾಗೇ ಮಾತಾಡಿ ತೋರಿಸಿ, ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು. "ನನಗೆ ಈ ಕೆಲಸ ಬೇಕೇ ಬೇಕು. ಇದನ್ನ ಕಿತ್ಕೊಂಡ್ರೆ ನಾನು ಬದುಕಿದ್ದೂ ಸತ್ತ ಹಾಗೆ" ಎಂದು ಒಮ್ಮೆ ನನ್ನೊಬ್ಬಳ ಹತ್ತಿರ ಹೇಳಿದ್ದಳು.

ಮೊನ್ನೆ ಗಾಡಿ ಹಿಂದಕ್ಕೆ ತೆಗೆಯುವಾಗ ಪಕ್ಕದ ಮನೆಯ ಕಾಂಪೌಂಡಿನ ಮೂಲೆ ಉದುರಿಸಿದಳು. ನನ್ನ ಗಂಡನಿಗೆ ಅಷ್ಟೇ ಸಾಕಾಯಿತು.

"ನೋಡಿ ಅತ್ತಿಗೆ, ಹಂಚಿನ ಕಾರ್ಖಾನೆ ಕೆಲಸ ಒಪ್ಕೊಂಡಿದೀರಲ್ಲ, ಅದನ್ನ ನಾಳೆ ಸಂಜೆಯೊಳಗೆ ಮುಗಿಸಿಕೊಟ್ರೆ ಸೀಟು ನಿಮ್ಮದೇ. ನಾನು ಇನ್ನೊಂದ್ಸಲ ಬಾಯಿ ಬಿಡಲ್ಲ. ಕೆಲಸ ಅರ್ಧಕ್ಕೆ ನಿಂತ್ರೆ ಮಾತ್ರ ಮಾರನೇ ದಿನದಿಂದ ಡ್ರೈವರ್ ಬರ್ತಾನೆ."

"ಬಾಯಿ ಬಿಡದೆ ಇರೋದು ನಿನಗೆ ಕಷ್ಟ ಆಗುತ್ತಪ್ಪಾ. ಆದ್ರೂ ಸರಿ, ಒಪ್ಪಿದೆ" ಎಂದಳು ಅಕ್ಕ.

ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಹಿಂದಿನ ಜಾಗದಲ್ಲಿ ಆಳೆತ್ತರದ ಹುಲ್ಲು, ಮುಳ್ಳುಪೊದೆ, ಬಳ್ಳಿ. ನಡುನಡುವೆ ಎಲ್ಲೆಲ್ಲೋ ಒಡೆದ ಹಂಚಿನ ಗುಡ್ಡೆಗಳು. ಮೊದಲು ಕಳೆ ಕತ್ತರಿಸಬೇಕು, ಆಮೇಲೆ ಗುಡ್ಡೆಗಳನ್ನು ಲೋಡರಿನಲ್ಲಿ ಎತ್ತಿ ಗೋಡೆಯ ಪಕ್ಕಕ್ಕೆ ಸುರಿಯಬೇಕು. ಮಾರನೇ ದಿನವೇ ಪಾಯದ ಗುರುತು ಹಾಕಬೇಕೆಂದು ಕಂಟ್ರಾಕ್ಟರು ತುದಿಗಾಲ ಮೇಲೆ ನಿಂತಿದ್ದ.

ಮಧ್ಯಾಹ್ನ ನಾನು ಊಟದ ಡಬ್ಬಿ ಹಿಡಿದು ಹೊರಟರೆ, ನನ್ನ ಗಂಡ ಅರ್ಧ ದಿನ ರಜೆ ಹಾಕಿ, "ನಾನೂ ಬರ್ತೀನಿ, ನೋಡ್ಕೊಂಡು ಬರೋಣ" ಎಂದು ಬೈಕ್ ತೆಗೆದರು. "ಕೆಲಸ ನೋಡೋಕೋ, ಸೋಲೋದನ್ನ ನೋಡೋಕೋ?" ಎಂದೆ.

ನಾವು ಹೋಗುವಷ್ಟರಲ್ಲಿ ಹುಲ್ಲೆಲ್ಲ ನೆಲಕ್ಕೆ ಮಲಗಿತ್ತು. ಹಸಿ ಹುಲ್ಲಿನ ವಾಸನೆ ಗಮ್ಮೆನ್ನುತ್ತಿತ್ತು. ಅಕ್ಕನ ತಲೆತುಂಬ ಕಡ್ಡಿ, ಕೈತುಂಬ ಗೀರು, ಮುಖದ ಮೇಲೆ ಮಾತ್ರ ಗೆದ್ದವಳ ನಗು. "ಊಟ ಆಮೇಲೆ, ಒಂದು ಗುಡ್ಡೆ ಎತ್ತಿ ಬರ್ತೀನಿ" ಎಂದು ಗಾಡಿಯನ್ನು ಹಂಚಿನ ಗುಡ್ಡೆಯ ಮುಂದೆ ತಂದು ಲಿವರ್ ಒತ್ತಿದಳು. ಲೋಡರ್ ಇಳಿಯಲಿಲ್ಲ. ಲಿವರ್ ಎಳೆದಳು. ಏರಲೂ ಇಲ್ಲ. ಅಡಗಿದ ಗುಡ್ಡೆಗಳಿಗೆ ಬಡಿಯದಿರಲಿ ಎಂದು ಬೆಳಿಗ್ಗೆಯಿಂದ ಬಕೆಟ್ಟನ್ನು ಸೊಂಟದೆತ್ತರಕ್ಕೆ ಎತ್ತಿಟ್ಟುಕೊಂಡಿದ್ದಳಂತೆ. ಅದು ಅಲ್ಲೇ ಮೊಂಡು ಹಿಡಿದು ನಿಂತುಬಿಟ್ಟಿತು.

"ಪಂಪ್ ಹೋಯ್ತು!" ಎಂದರು ನನ್ನ ಗಂಡ. ಇವರು ಮನೆಯಲ್ಲಿ ಒಂದು ಬಲ್ಬು ಉರಿಯದಿದ್ದರೆ ಇಡೀ ಊರಿಗೇ ಕರೆಂಟು ಹೋಯಿತು ಅನ್ನುವ ಪೈಕಿ. "ಆ ಕಾಡೊಳಗೆ ನುಗ್ಗಿಸಿದ್ರೆ ಇನ್ನೇನಾಗುತ್ತೆ? ಪಂಪ್ ಬಿಚ್ಚಬೇಕು, ಎರಡು ದಿನದ ಕೆಲಸ. ನಾನು ಡ್ರೈವರಿಗೆ ಹೇಳಿಬಿಡ್ತೀನಿ" ಎಂದು ಜೇಬಿನಿಂದ ಫೋನ್ ತೆಗೆದರು.

ಅಕ್ಕನ ಮುಖ ಬಿಳಿಚಿಕೊಂಡಿತು. ಆ ಬಾಯಿಬಡುಕಿಗೆ ಮಾತು ನಿಂತುಹೋದದ್ದನ್ನು ನಾನು ಕಂಡಿದ್ದು ಅದೇ ಮೊದಲು. "ರೀ, ಸಂಜೆ ಆಯ್ತಾ? ಸೂರ್ಯ ನೆತ್ತಿ ಮೇಲಿದ್ದಾನೆ. ಫೋನ್ ಒಳಗಿಡಿ!" ಎಂದು ಕಿರುಚಿದೆ.

ನನ್ನ ಕಿರುಚಾಟಕ್ಕೆ ಅಕ್ಕ ಎಚ್ಚೆತ್ತಳೇನೋ. ಲಿವರನ್ನು ಈ ಸಲ ಪಕ್ಕಕ್ಕೆ ಸರಿಸಿದಳು. ತೋಳು ಅಲುಗಲಿಲ್ಲ, ಆದರೆ ತುದಿಯ ಬಕೆಟ್ಟು ಮೆಲ್ಲಗೆ ಮೂತಿ ಬಗ್ಗಿಸಿತು. ಇನ್ನೊಂದು ಕಡೆ ಸರಿಸಿದಳು. ಮೂತಿ ಎತ್ತಿತು.

"ನೋಡಿದ್ಯಾ?" ಅಕ್ಕನಿಗೆ ಧ್ವನಿ ಮರಳಿ ಬಂತು. "ತೋಳಿಗೂ ಬಕೆಟ್ಟಿಗೂ ಎಣ್ಣೆ ತಳ್ಳೋದು ಒಂದೇ ಪಂಪು. ಪಂಪ್ ಸತ್ತಿದ್ರೆ ಬಕೆಟ್ ಹೆಂಗಪ್ಪಾ ಆಡುತ್ತೆ? ತೋಳಿನ ದಾರೀಲಿ ಎಲ್ಲೋ ಎಣ್ಣೆ ತಡೆದಿದೆ, ಅಷ್ಟೇ."

ಎಂಜಿನ್ ನಿಲ್ಲಿಸಿ ಇಳಿದಳು. ಕಡ್ಡಿ ಅದ್ದಿ ಎಣ್ಣೆ ನೋಡಿದಳು, ಇತ್ತು. ನೆಲದ ಮೇಲೆ ಎಲ್ಲೂ ಸೋರಿರಲಿಲ್ಲ. ಆಮೇಲೆ ಮುಂದಿನ ಚಕ್ರದ ಹಿಂದೆ ಕೂತು, ಸಿಕ್ಕಿಕೊಂಡ ಹುಲ್ಲು, ಬಳ್ಳಿಯನ್ನು ಹಿಡಿ ಹಿಡಿಯಾಗಿ ಕಿತ್ತು ಎಸೆಯತೊಡಗಿದಳು. ಲೋಡರಿನ ನಾಲ್ಕು ಎಣ್ಣೆ ಪೈಪು ಗಾಡಿಗೆ ಸೇರುವುದು ಅಲ್ಲೇ. ಒಂದೊಂದಕ್ಕೂ ಒಂದು ಜಾಯಿಂಟು, ಜಾಯಿಂಟಿನ ಮೇಲೊಂದು ಕಬ್ಬಿಣದ ಬಳೆ. ಬಳೆಯನ್ನು ಹಿಂದಕ್ಕೆಳೆದರೆ ಪೈಪು ಬಿಚ್ಚಿಕೊಳ್ಳುತ್ತದೆ. ಅರ್ಧ ಬಿಚ್ಚಿದರೂ ಒಳಗಿನ ಗುಂಡು ಕೂತು ಎಣ್ಣೆಯ ದಾರಿ ಮುಚ್ಚಿಹೋಗುತ್ತದೆ.

"ಇಲ್ಲಿ ಬಾರೋ ಮಹರಾಯ" ಎಂದು ಮೈದುನನನ್ನು ಕರೆದಳು. ಒಂದು ಬಳೆಗೆ ಕೆಂಪು ಬಟ್ಟೆಯ ಚಿಂದಿ ಕಟ್ಟಿತ್ತು. ಚಿಂದಿಗೆ ಮುಳ್ಳಿನ ಕೊಂಬೆಯೊಂದು ಸಿಕ್ಕಿಕೊಂಡು, ಬಿಗಿಯಾಗಿ ಎಳೆದುಕೊಂಡೇ ಇತ್ತು. ಬಳೆ ಹಿಂದಕ್ಕೆ ಸರಿದು, ಜಾಯಿಂಟು ಅರ್ಧ ಹೊರಗೆ ಬಂದಿತ್ತು.

ಆ ಬಟ್ಟೆ ನನಗೆ ಗುರುತು ಸಿಕ್ಕಿತು. ನಮ್ಮ ರೂಮಿನ ಹಳೆಯ ಪರದೆ! ಹಿಂದೊಮ್ಮೆ ನನ್ನ ಗಂಡ ಲೋಡರ್ ಬಿಚ್ಚಿ ಮತ್ತೆ ಜೋಡಿಸುವಾಗ ಪೈಪು ಅದಲುಬದಲು ಮಾಡಿ, ಎತ್ತು ಅಂದರೆ ಇಳಿಯುವ, ಇಳಿ ಅಂದರೆ ಎತ್ತುವ ಗಾಡಿ ತಯಾರಿಸಿದ್ದರು. ಇನ್ನು ತಪ್ಪಬಾರದೆಂದು ಪರದೆ, ದಿಂಬಿನ ಚೀಲ ಎಲ್ಲ ಹರಿದು, ಬಣ್ಣಕ್ಕೊಂದರಂತೆ ಗುರುತು ಕಟ್ಟಿದ್ದರು.

"ಗುರುತು ಕಟ್ಟೋನು ಪೈಪಿಗೆ ಕಟ್ಟಬೇಕೋ, ಬಿಚ್ಚೋ ಬಳೆಗೆ ಕಟ್ಟಬೇಕೋ? ಕಾಡೊಳಗೆ ನುಗ್ಗಿಸಿದ್ದು ನನ್ನ ತಪ್ಪು ಅಂದ್ಯಲ್ಲ, ಈಗ ಹೇಳು!"

ನನ್ನ ಗಂಡ ತಲೆ ಕೆರೆದುಕೊಂಡರು. ಫೋನು ಜೇಬಿಗೆ ಇಳಿಯಿತು.

ಆದರೆ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಅಕ್ಕ ಬಲವೆಲ್ಲ ಹಾಕಿ ತಳ್ಳಿದರೂ ಜಾಯಿಂಟು ಒಳಗೆ ಹೋಗಲಿಲ್ಲ. ನನ್ನ ಗಂಡ ತಳ್ಳಿದರು, ಊಹೂಂ. ತಪ್ಪು ತಿದ್ದಿಕೊಳ್ಳುವ ಅವಸರಕ್ಕೆ ಸುತ್ತಿಗೆ ಹಿಡಿದು ಬಂದರು. "ಎರಡೇಟು ಹಾಕಿದ್ರೆ ಕೂರುತ್ತೆ."

"ಮುಟ್ಟಿದ್ರೆ ನೋಡು ಮತ್ತೆ! ಏಟು ಹಾಕಿ ಜಾಯಿಂಟ್ ಒಡೆದ್ರೆ ಲೋಡರ್ ಧೊಪ್ಪಂತ ಬೀಳುತ್ತೆ." ಅಕ್ಕ ಸೊಂಟಕ್ಕೆ ಕೈಯಿಟ್ಟು ಲೋಡರನ್ನೇ ದಿಟ್ಟಿಸುತ್ತಾ ನಿಂತಳು. ನೆರಳು ಉದ್ದವಾಗುತ್ತಿತ್ತು. ಆಮೇಲೆ ತನ್ನಷ್ಟಕ್ಕೇ ಹೇಳಿಕೊಳ್ಳುವವಳಂತೆ ಎಂದಳು: "ಅಷ್ಟೂ ಕಬ್ಬಿಣದ ಭಾರ ಈ ಪೈಪಿನ ಎಣ್ಣೆ ಮೇಲೇ ಕೂತಿದೆ. ಅದು ಒಳಗಿಂದ ಒದೀತಾ ಇದೆ. ಮೊದಲು ಆ ಭಾರ ಇಳಿಸಬೇಕು."

ಕಾರ್ಖಾನೆಯ ಹಳೆಯ ತೊಲೆಯ ತುಂಡುಗಳನ್ನು ಮೈದುನನ ಕೈಯಲ್ಲೇ ಹೊರಿಸಿದಳು. ಅವನ್ನು ಅಡ್ಡಡ್ಡ ಪೇರಿಸಿ, ಮೇಲೆ ಜಾಕ್ ಇಟ್ಟು ಬಕೆಟ್ಟಿಗೆ ತಾಗಿಸಿದಳು. "ಯಾರೂ ಕೆಳಗೆ ತಲೆ ಹಾಕಬೇಡಿ. ಲೇ, ನೀನು ಮೇಲೆ ಹತ್ತಿ ಲಿವರನ್ನ ಎತ್ತೋ ಕಡೆಗೆ ಎಳೆದು ಹಿಡಿ, ತೋಳು ಏಳೋಕೆ ಇನ್ನೊಂದು ಬದಿಯ ಎಣ್ಣೆಗೆ ದಾರಿ ಬೇಕು, ನಾನು ಹೇಳೋ ತನಕ ಬಿಡಬೇಡ" ಎಂದು ನನ್ನನ್ನು ಸೀಟಿಗೆ ಹತ್ತಿಸಿದಳು. ನಾನು ಎರಡೂ ಕೈಯಲ್ಲಿ ಹಿಡಿದೆ. ನನ್ನ ಗಂಡ ಬೆವರು ಸುರಿಸುತ್ತಾ ಜಾಕ್ ತಿರುಗಿಸಿದರು. ಬಕೆಟ್ಟು ಕೂದಲೆಳೆಯಷ್ಟು ಮೇಲೆದ್ದಿತು. ಅಕ್ಕ ಚಿಂದಿಯನ್ನು ಕತ್ತರಿಸಿ ಬಿಸಾಡಿ, ಬಳೆ ಎಳೆದು, ಹೆಬ್ಬೆರಳಿನಲ್ಲಿ ಒತ್ತಿದಳು.

ಟಕ್! ಎಷ್ಟು ಸಲೀಸಾಗಿ ಹೋಯಿತು ಅಂತೀರಿ, ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ.

ನನ್ನನ್ನು ಕೆಳಗಿಳಿಸಿ, ತಾನು ಹತ್ತಿ, ಎಂಜಿನ್ ಹಚ್ಚಿ ಲಿವರ್ ಎಳೆದಳು. ತೋಳುಗಳು ಗುಂಯ್ ಎನ್ನುತ್ತಾ ಸೊಂಟ ದಾಟಿ, ತಲೆ ದಾಟಿ ಮೇಲೇರಿದವು. ಅಲ್ಲೇ ಇದ್ದ ಕಂಟ್ರಾಕ್ಟರನ ಆಳುಗಳು ಶಿಳ್ಳೆ ಹೊಡೆದರು. ಅಕ್ಕ ಹಾರ್ನ್ ಒತ್ತಿ ಹಿಡಿದು ಬಿಡಲೇ ಇಲ್ಲ. ನಾನು ನಾಚಿಕೆ ಬಿಟ್ಟು ಕುಣಿದೆ. ಕಣ್ಣಲ್ಲಿ ನೀರು ಬಂತು, ಅದನ್ನೂ ಯಾಕೆ ಮುಚ್ಚಿಡಲಿ?

ಊಟದ ಡಬ್ಬಿ ಹಾಗೇ ತಣ್ಣಗಾಯಿತು. ಗುಡ್ಡೆಯ ಮೇಲೆ ಗುಡ್ಡೆ ಎತ್ತಿ ಅಕ್ಕ ಗೋಡೆ ಪಕ್ಕಕ್ಕೆ ಸುರಿದಳು. ನನ್ನ ಗಂಡ ಯಾರೂ ಹೇಳದೆಯೇ ಚಕ್ರಕ್ಕೆ ಅಡ್ಡ ಬರುವ ಕೊಂಬೆಗಳನ್ನು ಎಳೆದು ದಾರಿ ಬಿಡಿಸುತ್ತಾ ಹೋದರು. ಸೂರ್ಯ ಚಿಮಣಿಯ ಹಿಂದೆ ಇಳಿಯುವ ಹೊತ್ತಿಗೆ ಆ ಜಾಗ ಅಂಗೈಯ ಹಾಗೆ ಚೊಕ್ಕಟವಾಗಿತ್ತು.

ಕಂಟ್ರಾಕ್ಟರು ಒಂದು ಸುತ್ತು ಹಾಕಿ ಬಂದು, ತಲೆದೂಗಿ, ನನ್ನ ಗಂಡನ ಹೆಗಲ ಮೇಲೆ ಕೈಯಿಟ್ಟ. "ಭೇಷ್! ರೈಲು ಹಳಿ ಪಕ್ಕ ಇನ್ನೂ ದೊಡ್ಡ ಜಾಗ ಇದೆ. ಯಾವತ್ತು ಗಾಡಿ ಕಳಿಸ್ತೀರಿ?"

ನನ್ನ ಗಂಡ ಬಟ್ಟೆಯ ಮೇಲಿನ ಮುಳ್ಳು ಕೀಳುತ್ತಿದ್ದವರು ತಲೆಯೆತ್ತಿದರು. ನನ್ನ ಕಡೆ ನೋಡಿದರು, ಸೀಟಿನ ಕಡೆ ನೋಡಿದರು.

"ನನ್ನನ್ನ ಯಾಕೆ ಕೇಳ್ತೀರಿ ಸ್ವಾಮೀ? ಗಾಡಿ ನಮ್ಮ ಅತ್ತಿಗೇದು. ಅವರನ್ನೇ ಕೇಳಿ."

ಅಕ್ಕ ತೋಳಿನಿಂದ ಮುಖ ಒರೆಸಿಕೊಂಡು, ಸೀಟಿನ ಮೇಲೆ ನೆಟ್ಟಗೆ ಕೂತಳು.

"ಸೋಮವಾರ ಬೆಳಿಗ್ಗೆ ಬರ್ತೀನಿ" ಎಂದಳು ಕಂಟ್ರಾಕ್ಟರಿಗೆ. "ದೊಡ್ಡ ಕಲ್ಲೇನಾದ್ರೂ ಇದ್ರೆ ಮೊದಲೇ ತೆಗೆಸಿಡಿ. ಬಂದ ಮೇಲೆ ನನ್ನ ಬಾಯಿಗೆ ಸಿಕ್ಕಬೇಡಿ."