ಇಬ್ಬರಿಗೆ ಒಂದೇ ಕನ್ನಡಕ

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮಹಾಂತೇಶ ಮೀಟರ್ ರಿಪೇರಿ ಮಾಡುತ್ತಿದ್ದ. ವಯಸ್ಸು ನಲವತ್ತಾರು, ಮದುವೆಯಾಗಿರಲಿಲ್ಲ. ತಾಯಿ ನೀಲಮ್ಮ ತೀರಿಕೊಂಡ ಮೇಲೆ, ಯಾಕೆ ಆಗಲಿಲ್ಲ ಎಂದು ಕೇಳುವವರೂ ಇಲ್ಲವಾದರು. ವಿಜಯನಗರದ ಅವನ ಮನೆಯಲ್ಲಿ ಇದ್ದದ್ದು ಒಂದು ಕುರ್ಚಿ, ಒಂದು ಕಾಫಿ ಲೋಟ, ಮೇಜಿನ ತುಂಬ ಬಿಚ್ಚಿ ಹರವಿದ ರೇಡಿಯೊ, ಟೇಪ್‌ರೆಕಾರ್ಡರುಗಳು. ಡ್ಯೂಟಿ ಮುಗಿಸಿ ಬಂದು ಅವುಗಳ ಮುಂದೆ ಕೂತರೆ ಹೊತ್ತು ಹೋಗುತ್ತಿತ್ತು. ಹೊತ್ತು ಹೋದರೆ ಸಾಕಿತ್ತು.

2007ರಲ್ಲಿ, ಕಂಪ್ಯೂಟರ್ ಅಂಗಡಿಯವರು ಎಸೆದಿದ್ದ ಡಿವಿಡಿ ರೈಟರ್ ಒಂದನ್ನು ತಂದು, ಅದರೊಳಗಿನ ಹೆಸರುಕಾಳಿನಷ್ಟು ದಪ್ಪದ ಲೇಸರ್ ಡಯೋಡನ್ನು ಬಿಡಿಸಿ, ಹಳೇ ಟಾರ್ಚಿನೊಳಗೆ ಕೂರಿಸಿದ. ಸ್ವಿಚ್ ಒತ್ತಿ ಆ ಕೆಂಪು ಚುಕ್ಕಿಯನ್ನು ಬೆಂಕಿಕಡ್ಡಿಯ ತಲೆಗೆ ಹಿಡಿದಾಗ ಕಡ್ಡಿ ಭುಗ್ಗೆಂದಿತು.

"ಹತ್ಕೊಂಡ್‌ಬುಡ್ತು!" ಎಂದು ಜೋರಾಗಿಯೇ ಹೇಳಿದ. ಆಮೇಲೆ ಸುತ್ತ ನೋಡಿದ. ಮನೆಯಲ್ಲಿ ಮತ್ತಾರೂ ಇರಲಿಲ್ಲ.

ಅಪಾಯ ಗೊತ್ತಿಲ್ಲದವನಲ್ಲ. ದಸರಾ ವಸ್ತುಪ್ರದರ್ಶನದಲ್ಲಿ ಮಾರುವ ಕೀಚೈನ್ ಲೇಸರಿಗಿಂತ ಇದು ಹತ್ತಾರು ಪಟ್ಟು ಜೋರು. ಕಣ್ಣಿಗೆ ಬಿದ್ದರೆ ರೆಪ್ಪೆ ಮುಚ್ಚುವಷ್ಟರಲ್ಲಿ ಒಳಪರದೆ ಸುಟ್ಟಿರುತ್ತದೆ. ಸೈಬರ್ ಸೆಂಟರಿನಲ್ಲಿ ಕೂತು ಅದನ್ನೆಲ್ಲ ಓದಿದ್ದ. ಕೂಲಿಂಗ್ ಗ್ಲಾಸ್ ಸಾಲದು, ಆ ಕೆಂಪು ಬೆಳಕನ್ನೇ ತಡೆಯುವ ಬೇರೆ ಕನ್ನಡಕ ಬೇಕು ಎಂದು ತಿಳಿದು ಬೆಂಗಳೂರಿನಿಂದ ಒಂದನ್ನು ತರಿಸಿಕೊಂಡ. ಬೆಳಕು ಹೊಳಪಿಗೆ ಬಡಿದು ಕಣ್ಣಿಗೆ ಚಿಮ್ಮಬಾರದೆಂದು ಗೋಡೆಯ ಕನ್ನಡಿಗೆ ಪೇಪರ್ ಅಂಟಿಸಿದ. ಸ್ಟೀಲ್ ಪಾತ್ರೆಗಳನ್ನೆಲ್ಲ ಒಳಗಿಟ್ಟ.

ಲೇಸರ್ ಇಡಲು ಒಂದು ಮರದ ಪೆಟ್ಟಿಗೆ ಬೇಕೆನಿಸಿ, ಲಷ್ಕರ್ ಮೊಹಲ್ಲಾದಲ್ಲಿ ಬೀಟೆ ಮರದ ಕುಸುರಿ ಕೆಲಸ ಮಾಡುತ್ತಿದ್ದ ಆಂಟೋನ ಬಳಿ ಹೋದ. ಮರವನ್ನು ಕೂದಲೆಳೆಯಷ್ಟು ಸಣ್ಣಗೆ ಕೊರೆದು, ಅದರಲ್ಲಿ ಬಣ್ಣದ ಮರದ ಚೂರು, ಹಿತ್ತಾಳೆ ತಂತಿ ಕೂರಿಸಿ ಆನೆ, ನವಿಲು ಮೂಡಿಸುವುದು ಆಂಟೋನ ಕಸುಬು.

"ಯಾವ ಸಾಮಾನಿಗೆ ಸಾರ್ ಪೆಟ್ಟಿಗೆ?" ಎಂದು ಆಂಟೋ ಕೇಳಿದ.

ಅಷ್ಟೇ ಕೇಳಿದ್ದು. ಮಹಾಂತೇಶ ಮುಕ್ಕಾಲು ಗಂಟೆ ಮಾತಾಡಿದ. ಆಂಟೋ ಉಳಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ. ಕೊನೆಗೆ, "ಇದ್ರಲ್ಲಿ ಮರದ ಮೇಲೆ ಗೆರೆ ಸುಡಕ್ಕಾಗುತ್ತಾ?" ಎಂದ.

ಮುಂದಿನ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು, ಬೀಟೆಯ ಚೂರುಗಳನ್ನು ಚೀಲಕ್ಕೆ ಹಾಕಿಕೊಂಡು ಆಂಟೋ ವಿಜಯನಗರಕ್ಕೆ ಬಂದ. ಆಮೇಲೆ ಪ್ರತಿ ಭಾನುವಾರವೂ ಬಂದ. ಮಹಾಂತೇಶ ಎರಡನೇ ಕುರ್ಚಿ ಕೊಂಡ, ಎರಡನೇ ಲೋಟ ಕೊಂಡ. ಎರಡನೇ ಕನ್ನಡಕ ಮಾತ್ರ ಕೊಳ್ಳಲಿಲ್ಲ. ಲೇಸರ್ ಉರಿಯುವಾಗ ಆಂಟೋ ಗೋಡೆ ಕಡೆ ಮುಖ ಮಾಡಿ ಕೂರಬೇಕು, ಆರಿಸಿದೆ ಎಂದ ಮೇಲೆ ತಿರುಗಿ ನೋಡಬೇಕು. ಹಾಗೆಂದು ಮಾತಾಗಿತ್ತು.

"ನಂಗೂ ಒಂದು ತರಿಸಿ ಸಾರ್, ಉರಿಯೋದನ್ನ ನಾನೂ ನೋಡ್ತೀನಿ" ಎಂದು ಆಂಟೋ ಎರಡು ಸಲ ಹೇಳಿದ್ದ.

"ತರಿಸೋಣ ತರಿಸೋಣ" ಎಂದಿದ್ದ ಮಹಾಂತೇಶ.

ಆವತ್ತು ಫೆಬ್ರವರಿಯ ಒಂದು ಭಾನುವಾರ. ಮರದ ಚೂರಿಗೆ ಆಂಟೋ ಆಗಲೇ ಒಂದು ಹಿತ್ತಾಳೆ ಪಟ್ಟಿ ಕೂರಿಸಿ ತಂದಿದ್ದ. ಅದರ ಪಕ್ಕದಲ್ಲೇ ಗೆರೆ ಸುಡಬೇಕಿತ್ತು. ಹಿತ್ತಾಳೆ ಹೊಳೆಯುತ್ತಿದ್ದುದನ್ನು ಮಹಾಂತೇಶ ನೋಡಿದ. ಮೇಲೊಂದು ಕಾಗದ ಅಂಟಿಸಬೇಕು ಎಂದುಕೊಂಡ, ಅಂಟಿಸಲಿಲ್ಲ. ಕನ್ನಡಕ ಹಾಕಿಕೊಂಡು ಸ್ವಿಚ್ ಒತ್ತಿದ. ಸುಟ್ಟ ವಾಸನೆ ಜಾಸ್ತಿಯಾಯಿತೆಂದು, "ಏನ್ ಸಾರ್, ಹತ್ಕೊಂಡ್ತಾ?" ಎನ್ನುತ್ತ ಆಂಟೋ ತಿರುಗಿದ. ಅದೇ ಗಳಿಗೆಗೆ ಮಹಾಂತೇಶನ ಕೈ ಒಂದು ಕೂದಲಷ್ಟು ಸರಿದು, ಚುಕ್ಕಿ ಹಿತ್ತಾಳೆಯ ಮೇಲೆ ಬಿದ್ದು ಅತ್ತ ಚಿಮ್ಮಿತು.

ಆಂಟೋ ಬಲಗಣ್ಣು ಉಜ್ಜಿಕೊಂಡ. "ಏನೂ ಆಗಿಲ್ಲ ಬುಡಿ. ಫೋಟೋ ತೆಗೆದಂಗಾಯ್ತು ಅಷ್ಟೇ."

ನೋವಿರಲಿಲ್ಲ, ಕೆಂಪಾಗಿರಲಿಲ್ಲ, ನೀರೂ ಬರಲಿಲ್ಲ. ನೋವಿಲ್ಲದಿದ್ದರೂ ಪರದೆ ಸುಟ್ಟಿರಬಹುದು ಎಂದು ಮಹಾಂತೇಶ ತಾನೇ ಓದಿದ್ದ. ಆದರೂ ಆಸ್ಪತ್ರೆಗೆ ಹೋಗೋಣ ಎಂದು ಆ ಕ್ಷಣ ಅವನ ಬಾಯಿಗೆ ಬರಲಿಲ್ಲ. ಏನೂ ಆಗಿಲ್ಲ ಎಂಬ ಮಾತನ್ನು ನಂಬಬೇಕೆನಿಸಿತು, ನಂಬಿದ.

ಬುಧವಾರ ಆಂಟೋನ ಹೆಂಡತಿ ರೀಟಾ ಕಾರ್ಖಾನೆಗೆ ಫೋನ್ ಮಾಡಿದಳು. ಬಲಗಣ್ಣಲ್ಲಿ ನೋಡಿದರೆ ಗೆರೆ ಸೊಟ್ಟಗೆ ಕಾಣುತ್ತಿದೆಯಂತೆ. ಎದುರಿಗಿದ್ದವರ ಕಿವಿ, ಕೂದಲು ಕಾಣುತ್ತವೆ, ಮುಖ ಇರಬೇಕಾದ ಕಡೆ ಬೂದಿ ಬಣ್ಣದ ಮಚ್ಚೆ ಕಾಣುತ್ತದಂತೆ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಪರದೆಯ ನಟ್ಟನಡುವೆ ಸುಟ್ಟಿದೆ, ಊತ ಇಳಿದರೆ ಸ್ವಲ್ಪ ಸುಧಾರಿಸಬಹುದು, ಕಲೆ ಹೋಗುವುದಿಲ್ಲ ಎಂದರು.

ಆಸ್ಪತ್ರೆಯ ಬೆಂಚಿನ ಮೇಲೆ ರೀಟಾ ಒಂದೇ ಪ್ರಶ್ನೆ ಕೇಳಿದಳು: "ನೀವು ಕನ್ನಡಕ ಹಾಕ್ಕೊಂಡಿದ್ರಾ?"

"ಹಾಕ್ಕೊಂಡಿದ್ದೆ."

ಅವಳು ಎದ್ದು ಆಂಟೋನ ಪಕ್ಕಕ್ಕೆ ಹೋಗಿ ಕೂತಳು.

ಆಂಟೋ ಕಸುಬು ಬಿಡಲಿಲ್ಲ. ಆದರೆ ಸಣ್ಣ ಕೊರೆತವನ್ನು ಭಾವಮೈದುನನಿಗೆ ಬಿಟ್ಟು, ಉಜ್ಜುವುದು, ಪಾಲಿಶ್ ಮಾಡುವುದಕ್ಕೆ ಇಳಿದ. ಭಾನುವಾರಗಳು ನಿಂತವು. ಮಹಾಂತೇಶ ಡಯೋಡನ್ನು ಸುತ್ತಿಗೆಯಿಂದ ಜಜ್ಜಿ ಎಸೆದ. ಕಾರ್ಖಾನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವಷ್ಟು ಹತ್ತಿರದವರೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಸುಮ್ಮನೆ ಬಸ್ಸು ಹತ್ತಿ ಕೊನೇ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಲ್ಲಿ ವಾಪಸ್ಸು ಬರುತ್ತಿದ್ದ.

ಮರುವರ್ಷದ ಹೊತ್ತಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇಂಥ ಡಯೋಡನ್ನು ಕೇಳಿಕೊಂಡು ಬರುವವರು ಹೆಚ್ಚಾದರು. ಪರಿಚಯದ ಅಂಗಡಿಯ ಚೆಲುವರಾಜುವನ್ನು ಒಪ್ಪಿಸಿ ಮಹಾಂತೇಶ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಕಾಗದ ಅಂಟಿಸಿದ: ಲೇಸರ್ ಮಾಡುವವರು ಮೊದಲು ನನಗೆ ಫೋನ್ ಮಾಡಿ. ಕೆಳಗೆ ನಂಬರು.

ಕೆಲವರು ಮಾಡಿದರು. ಎಷ್ಟು ಜನ ಇರುತ್ತೀರೋ ಅಷ್ಟು ಕನ್ನಡಕ ಬೇಕು, ಹೊಳೆಯುವ ಸಾಮಾನು ರೂಮಿನಲ್ಲಿ ಇರಬಾರದು, ಕಣ್ಣಿಗೆ ಬಿತ್ತೆಂದು ಸ್ವಲ್ಪ ಅನುಮಾನ ಬಂದರೂ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು ಎಂದು ಹೇಳುತ್ತಿದ್ದ. "ನಿಮ್ಗೆ ಹೆಂಗ್ ಗೊತ್ತು ಅಂಕಲ್?" ಎಂದು ಕೇಳಿದವರಿಗೆ ನಡೆದದ್ದನ್ನೂ ಹೇಳುತ್ತಿದ್ದ. ಕೆಲವರು ನಕ್ಕು ಫೋನಿಟ್ಟರು. ಸುಷ್ಮಾ ಎಂಬ ಕಾಲೇಜು ಹುಡುಗಿ ಮಾತ್ರ, "ಅವ್ರಿಗ್ಯಾಕೆ ಕನ್ನಡಕ ತರಿಸ್ಲಿಲ್ಲ ಸಾರ್?" ಎಂದು ಕೇಳಿದಳು. ದುಡ್ಡಿಗೆ ಹಿಂದೆಮುಂದೆ ನೋಡಿದೆ ಎಂದು ಮಹಾಂತೇಶ ಸುಳ್ಳು ಹೇಳಿದ. ಹೇಳಿದ ಮೇಲೆ ಆ ಸುಳ್ಳು ಅವನನ್ನು ಬಿಡಲಿಲ್ಲ.

ಆ ವಾರವೇ ಲಷ್ಕರ್ ಮೊಹಲ್ಲಾಕ್ಕೆ ಹೋದ. ಆಂಟೋ ಒಂದು ತಟ್ಟೆಗೆ ಪಾಲಿಶ್ ಹಾಕುತ್ತಿದ್ದ.

"ಕನ್ನಡಕ ನಾನು ಬೇಕಂತಲೇ ತರಿಸ್ಲಿಲ್ಲ ಆಂಟೋ" ಎಂದ ಮಹಾಂತೇಶ, ನಿಂತುಕೊಂಡೇ. "ನಿಮ್ಗೂ ಒಂದು ಇದ್ರೆ, ಎಲ್ಲಾ ಕಲ್ತು ನಿಮ್ಮನೇಲೇ ಮಾಡ್ಕೋತೀರ, ಆಮೇಲೆ ಭಾನುವಾರ ಬರಲ್ಲ ಅಂತ."

ಆಂಟೋನ ಕೈ ನಿಂತಿತು.

"ನಾನ್ ಬರ್ತಿದ್ದಿದ್ದು ಆ ಲೇಸರಿಗಾ ಸಾರ್?" ಎಂದ. "ಈ ಬೀದೀಲಿ ನನ್ ಕೆಲ್ಸದ ಬಗ್ಗೆ ಯಾರೂ ಒಂದ್ ಮಾತ್ ಕೇಳಲ್ಲ. ನೀವು ಕೇಳ್ತಿದ್ರಿ. ಅದುಕ್ ಬರ್ತಿದ್ದೆ ಕಣ್ರೀ. ಹತ್ತು ಕನ್ನಡಕ ಕೊಟ್ಟಿದ್ರೂ ಬರ್ತಿದ್ದೆ."

ಆಂಟೋ ಬಟ್ಟೆಯನ್ನು ಮತ್ತೆ ಪಾಲಿಶ್‌ಗೆ ಅದ್ದಿದ.

ಆಂಟೋ ಮತ್ತೆ ವಿಜಯನಗರಕ್ಕೆ ಬರಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಮಹಾಂತೇಶನೇ ಹೋಗುತ್ತಾನೆ. ಮರ ಸಿಗುವುದು ಕಷ್ಟವಾಗಿದೆ, ಸೆಕೆ ಜಾಸ್ತಿ ಎಂದು ಅದೂ ಇದೂ ಮಾತಾಡುತ್ತಾರೆ. ರೀಟಾ ಕಾಫಿ ತಂದಿಟ್ಟು, ಅವನ ಮುಖ ನೋಡದೆ ಒಳಗೆ ಹೋಗುತ್ತಾಳೆ. ಕುಡಿದು ಎದ್ದು ಬರುತ್ತಾನೆ.