ನಮ್ಮತ್ತೆಗೆ ಗೊತ್ತಿಲ್ಲದ ಹೂವು

ನಮ್ಮತ್ತೆ ಹೊಂಬಾಳಮ್ಮನಿಗೆ ಹೂವಿನ ಹುಚ್ಚು. ದಬ್ಬೇಘಟ್ಟದಲ್ಲಿ ಯಾರ ಮನೆ ಕಾಂಪೌಂಡಿನಿಂದ ದಾಸವಾಳದ ಕೊಂಬೆ ಹೊರಗೆ ಚಾಚಿದರೂ ಸಂಜೆಯೊಳಗೆ ಅದರ ತುಂಡೊಂದು ನಮ್ಮ ಹಿತ್ತಿಲಲ್ಲಿರುತ್ತದೆ. "ಕೇಳ್ಕಂಡೇ ತಂದೆ ಕಣೇ" ಅನ್ನುತ್ತಾರೆ. ಯಾರನ್ನು ಕೇಳಿದಿರಿ ಅಂತ ನಾನು ಕೆದಕಲು ಹೋಗುವುದಿಲ್ಲ.

ಮಾವ ಕರಿಯಪ್ಪನವರು ಇದಕ್ಕೆ ತದ್ವಿರುದ್ಧ. ತೆಂಗಿನ ಸಾಲಿನ ನಡುವೆ ಒಂದು ಗೇಣು ಜಾಗ ಕಂಡರೂ ತಿನ್ನುವಂಥದ್ದನ್ನೇ ನೆಡುತ್ತಿದ್ದರು. ನನಗೊಂದು ಮಲ್ಲಿಗೆ ಬಳ್ಳಿ ನೆಟ್ಟುಕೊಡಿ ಅಂತ ಅತ್ತೆ ಮದುವೆಯಾದಾಗಿನಿಂದ ಕೇಳಿದ್ದರಂತೆ. "ಹೂವ ಬೇಯ್ಸಿ ತಿಂತೀಯಾ?" ಅನ್ನುವುದು ಮಾವನ ಯಾವತ್ತಿನ ಉತ್ತರ. ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡಾಗ, ಒಂದೇ ಒಂದು ಹೂವಿನ ಗಿಡ ನೆಡಲಿಲ್ಲವಲ್ಲ ಪುಣ್ಯಾತ್ಮ ಅಂತ ಅತ್ತೆ ಅಳುತ್ತಲೇ ಬೈದರು. ಆಮೇಲೂ ದೇವರ ಮುಂದೆ ದೀಪ ಹಚ್ಚುವಾಗೆಲ್ಲ ಅದನ್ನೇ ಗೊಣಗುತ್ತಿದ್ದರು. ಕೇಳಿ ನನಗೆ ಸಂಕಟವಾಗುತ್ತಿತ್ತು.

ಈ ಸಲ ಭರಣಿ ಮಳೆ ಬಿದ್ದ ಮೇಲೆ ಒಂದು ಬೆಳಗ್ಗೆ ಹಿತ್ತಿಲಿಂದ ಹೆಗ್ಗಣ ಸತ್ತಂಥ ನಾತ. ನನ್ನ ಗಂಡ ರಂಗನಾಥ್ ತೆಂಗಿನ ಮಟ್ಟೆಯ ರಾಶಿಯನ್ನೆಲ್ಲ ಕೆದಕಿದರು. ಹೆಗ್ಗಣ ಸಿಗಲಿಲ್ಲ. ಬಚ್ಚಲ ಹಿಂದಿನ ತೆಂಗಿನಮರದ ಪಕ್ಕ, ಎಲೆಯಿಲ್ಲ, ಕೊಂಬೆಯಿಲ್ಲ, ಬರೀ ನೆಲದಿಂದ ಹೂವೊಂದು ಎದ್ದು ಕೂತಿತ್ತು! ಊಟದ ತಟ್ಟೆಯಗಲದ ನೆರಿಗೆ. ನಡುವೆ ರಾಗಿಮುದ್ದೆಗಿಂತ ದಪ್ಪನೆಯ, ಸುಕ್ಕುಸುಕ್ಕಾದ ಕೆನ್ನೇರಳೆ ಉಂಡೆ. ಮೇಲೆಲ್ಲ ನೊಣ. ಇಂಥದ್ದೂ ನಮ್ಮ ಮಣ್ಣಲ್ಲಿದೆಯಾ ಅಂತ ಮೂಗು ಮುಚ್ಚಿಕೊಂಡೇ ನೋಡುತ್ತ ನಿಂತುಬಿಟ್ಟೆ.

ಪಕ್ಕದ ಮನೆ ತಿಮ್ಮಕ್ಕ ಬೇಲಿಯಾಚೆಯಿಂದಲೇ, "ಯಾರೋ ಮಾಟ ಮಾಡ್ಸವ್ರೆ ಹೊಂಬಾಳಕ್ಕ, ಕಿತ್ತು ಎಸೀರಿ" ಅಂದರು. ರಂಗನಾಥ್ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಒಬ್ಬ ವಿಷದ ಗಿಡ ಅಂದ, ಇನ್ನೊಬ್ಬ ಸುಮ್ಮನೆ ಕೈಮುಗಿದ. ಕೊನೆಗೆ ಇವರು ಗುದ್ದಲಿ ತಂದರು.

"ತಡೀಲಾ, ಹೆಸ್ರು ಗೊತ್ತಿಲ್ದೆ ಹೂವ ಕೀಳ್ಬ್ಯಾಡ" ಅಂತ ಅತ್ತೆ ಅಡ್ಡ ಬಂದರು. ಹೂವಿನ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು.

"ನಾತ ತಡ್ಕಳಕ್ಕಾಯ್ತಿಲ್ಲ ಕಣವ್ವ. ಹೆಸ್ರು ಹೇಳು, ಬುಡ್ತೀನಿ."

ಅತ್ತೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತರು. ಬುಡದ ಮಣ್ಣನ್ನು ಬೆರಳಿನಿಂದ ಬಿಡಿಸಿದರು. ಕೆಳಗೆ ದುಂಡಗೆ ಏನೋ ಇತ್ತು, ಉಗುರಿನಿಂದ ಕೆರೆದು ನೋಡಿದರು. ಇವರು ಗುದ್ದಲಿ ಎತ್ತಿದರು. ಅಷ್ಟರಲ್ಲಿ ಅತ್ತೆ ಅಂಗೈ ತುರಿಸಿಕೊಳ್ಳತೊಡಗಿದರು. ತುರಿಸಿಕೊಳ್ಳುತ್ತ ತುರಿಸಿಕೊಳ್ಳುತ್ತ ನಕ್ಕೇಬಿಟ್ಟರು.

"ಯೋಗಿತಾ, ಹುಣ್ಸೆಹಣ್ಣು ತಗಂಬಾರೇ! ಸುವರ್ಣಗೆಡ್ಡೆ ಕಣೇ ಇದು!"

ಸುವರ್ಣಗೆಡ್ಡೆ ಹೆಚ್ಚಿದ ಕೈಯ ತುರಿಕೆಗೆ ಹುಣಸೆಹಣ್ಣೇ ಮದ್ದು. ವರ್ಷವರ್ಷವೂ ಹೆಚ್ಚಿದ್ದೇವೆ, ಹುಳಿ ಮಾಡಿದ್ದೇವೆ. ಅದೂ ಹೂ ಬಿಡುತ್ತದೆ ಅಂತ ಯಾರಿಗೆ ಗೊತ್ತಿತ್ತು? ಎಲೆ ಒಣಗಿದ ಕೂಡಲೇ ಮಾವ ತಾವು ನೆಟ್ಟದ್ದನ್ನು ಅಗೆದು ತಂದು ಅಡುಗೆಮನೆಗೆ ಹಾಕುತ್ತಿದ್ದರು. ಹೂ ಬಿಡುವ ತನಕ ಅದನ್ನು ನಾವು ನೆಲದಲ್ಲಿ ಇರಗೊಟ್ಟೇ ಇರಲಿಲ್ಲ. ಹೋದ ವರ್ಷ ಮಾತ್ರ ಅಗೆಯುವ ಹೊತ್ತಿಗೆ ಮಾವನೇ ಇರಲಿಲ್ಲ. ಬೇಸಿಗೆಯೆಲ್ಲ ಹನಿ ನೀರಿಲ್ಲದೆ, ಯಾರ ನೆನಪೂ ಇಲ್ಲದೆ ಮಲಗಿದ್ದ ಗೆಡ್ಡೆಯೊಳಗೆ ಇಷ್ಟು ದೊಡ್ಡದೊಂದು ಹೂವು ಕಾದು ಕೂತಿತ್ತಲ್ಲ!

ರಂಗನಾಥ್ ಗುದ್ದಲಿ ಕೆಳಗಿಟ್ಟರು.

ಅತ್ತೆಯ ನಗು ಅಷ್ಟು ಹೊತ್ತಿಗೆ ಅಳುವಾಗಿತ್ತು. "ನಿಮ್ಮಪ್ಪ ಹೂವಿನ ಗಿಡ ನೆಟ್ಟೇ ಹೋಗವ್ರೆ ಕಣ್ಲಾ. ನಾನು ಬೈಕಂಡು ಕುಂತಿದ್ನಲ್ಲ."

"ಈ ನಾತಕ್ಕೇನ್ ಮಾಡ್ತೀಯಕ್ಕ?" ಅಂದರು ತಿಮ್ಮಕ್ಕ.

ಅತ್ತೆ ಮೂಗಿಗೆ ಕಟ್ಟಿದ್ದ ಸೆರಗನ್ನು ಬಿಚ್ಚಿ, ಹೂವಿನ ಪಕ್ಕದಲ್ಲೇ ಚಕ್ಕಂಬಕ್ಕಳ ಹಾಕಿ ಕೂತರು.